ಲೈನ್‌ಮನ್ ಹೆಂಡತಿಗೆ ಕರೆಂಟು

ಮೂವತ್ತೊಂದು ವರ್ಷ ಕಂಬ ಹತ್ತಿ ಇಳಿದ ಗಂಡನಿರುವ ಮನೆಯಲ್ಲಿ ಹೆಂಡತಿಗೆ ಕರೆಂಟಿನ ಭಯ ಇರಲಾರದೆಂದು ತುಮಕೂರಿನ ಶೆಟ್ಟಿಹಳ್ಳಿ ಬಡಾವಣೆಯ ಆ ಬೀದಿಯವರೆಲ್ಲ ನಂಬಿದ್ದರು. ನಂಬಿದವರು ಒಂದು ದಿನ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದರೆ ಗೊತ್ತಾಗುತ್ತಿತ್ತು. ಲೈನ್‌ಮನ್ ಚನ್ನವೀರಯ್ಯನವರಿಗೆ ಮುದ್ದೆ ಮುರಿಯುವ ಮೊದಲು ಒಂದು ಸಾವು ಬೇಕು. ಬೆಳ್ಳಾವಿ ಕಡೆ ಒದ್ದೆಗೈಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಿದವನದು ಒಂದು ದಿನ. ಗುಬ್ಬಿಯ ಸಂತೆ ಮೈದಾನದ ಹಿಂದೆ ತಂತಿಗೆ ಅಂಟಿಕೊಂಡ ಕೋತಿಯದು ಒಂದು ದಿನ. ಆ ಕೋತಿಯನ್ನು ಬಿಡಿಸಲು ಹೋದ ಇನ್ನೊಂದು ಕೋತಿಯದು ಮಾರನೇ ದಿನ. ಒಬ್ಬೊಬ್ಬರೂ ಹೇಗೆ ಕಪ್ಪಾದರು, ಎಷ್ಟು ಹೊತ್ತು ಹೊಗೆಯಾಡಿದರು ಎಂಬುದನ್ನು ಸಾರಿನಲ್ಲಿ ಅದ್ದಿ ಅದ್ದಿ ಹೇಳುವರು. ಹೇಳಿ ಮುಗಿದ ಮೇಲೆ ಪಲ್ಲವಿ ಮಾತ್ರ ಒಂದೇ: "ನಂಗೆ ಭಯ ಅನ್ನೋದೇ ಗೊತ್ತಿಲ್ಲ ಕಣೇ."

ಅವರ ಪಾಲಿನ ಭಯವನ್ನೂ ಸೇರಿಸಿ ರೇವಮ್ಮ ಒಬ್ಬಳೇ ಪಡುತ್ತಿದ್ದಳು. ಅಡುಗೆಮನೆಯ ಸ್ವಿಚ್ಚನ್ನು ಅವಳು ಒತ್ತುತ್ತಿದ್ದದ್ದು ಲಟ್ಟಣಿಗೆಯ ತುದಿಯಿಂದ. ಮಿಕ್ಸಿ ಹಾಕಬೇಕಾದರೆ ಗಂಡನ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಮನೆದೇವರು ಗುಬ್ಬಿಯಪ್ಪನನ್ನು ನೆನೆದು, ಮುಖ ಆ ಕಡೆ ತಿರುಗಿಸಿಕೊಂಡು ಹಾಕುವಳು. ಚಟ್ನಿ ಒಂದೊಂದು ದಿನ ಒಂದೊಂದು ಹದ.

ಇಂಥ ರೇವಮ್ಮನಿಗೆ ಐವತ್ನಾಲ್ಕನೇ ವಯಸ್ಸಿನಲ್ಲಿ, ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ, ಎಡ ಎದೆಯಲ್ಲಿ ಗಡ್ಡೆ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎದೆ ತೆಗೆದರು. ಅವಳು ಅಳಲಿಲ್ಲ. ಆರು ಸುತ್ತು ಇಂಜೆಕ್ಷನ್ ಕೊಟ್ಟರು. ಮೊಳಕಾಲುದ್ದ ಅಲ್ಲದಿದ್ದರೂ ಸೊಂಟಕ್ಕೆ ಬರುತ್ತಿದ್ದ ಕೂದಲು ಬಚ್ಚಲಿನ ತೂಬು ಕಟ್ಟಿತು. ಆಗಲೂ, "ಹೋಗ್ಲಿ ಬಿಡಿ, ಬಾಚೋ ಕೆಲ್ಸ ತಪ್ತು" ಎಂದು ತಲೆಗೆ ಸೆರಗು ಹೊದ್ದಳು. ಕಡೆಗೆ ಡಾಕ್ಟರು, ಇನ್ನು ರೇಡಿಯೋಥೆರಪಿ ಒಂದು ಬಾಕಿ ಎಂದಾಗ ಅವಳಿಗೆ ಹಿತವೇ ಆಯಿತು. ರೇಡಿಯೋ ಎಂಬ ಮಾತು ಕಿವಿಗೆ ಇಂಪಾಗಿತ್ತು. ಬೆಳಗಿನ ವಂದನ, ರೈತರಿಗೆ ಸಲಹೆ, ಪ್ರದೇಶ ಸಮಾಚಾರ. ಅದರಲ್ಲೊಂದು ಚಿಕಿತ್ಸೆಯೂ ಇದ್ದರೆ ಇರಲಿ.

ಕೆಡಿಸಿದವಳು ನರ್ಸು. ಡಾಕ್ಟರು ಅತ್ತ ಹೋದ ಮೇಲೆ ಅರ್ಥವಾಗಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ಏನಿಲ್ಲ ಅಮ್ಮ, ಇಪ್ಪತ್ತೈದು ದಿನ ಕರೆಂಟ್ ಕೊಡ್ತಾರೆ, ಅಷ್ಟೇ."

ರೇವಮ್ಮ ಗಂಡನ ಮುಖ ನೋಡಿದಳು. ಗಂಡನ ಮುಖ ಬೆಳಗಿತ್ತು. ಏಳು ತಿಂಗಳಿಂದ ಆಸ್ಪತ್ರೆಯ ಬೆಂಚಿನ ಮೇಲೆ ಏನೊಂದೂ ತಿಳಿಯದೆ ಫೈಲು ಹಿಡಿದು ಕೂತಿದ್ದ ಚನ್ನವೀರಯ್ಯನವರಿಗೆ ಕೊನೆಗೂ ತಮ್ಮ ಇಲಾಖೆಯ ಮಾತೊಂದು ಸಿಕ್ಕಿತ್ತು.

"ಸಿಂಗಲ್ ಫೇಸಾ ತಾಯಿ, ತ್ರೀ ಫೇಸಾ?" ಎಂದು ಕೇಳಿದರು.

"ಅದೆಲ್ಲ ನಂಗೊತ್ತಿಲ್ಲ ಯಜಮಾನ್ರೇ. ಈವಮ್ಮನ್ನ ಒಳಗೆ ಕಳ್ಸಿ, ಗುರುತು ಹಾಕ್ಬೇಕು. ಸೋಮವಾರ ಶುರು. ತಪ್ಪಿಸ್ಕೋಬೇಡಿ. ಒಳಗೆ ಚೂರುಪಾರು ಉಳ್ಕೊಂಡಿದ್ರೆ ತಿರ್ಗಾ ತಲೆ ಎತ್ತುತ್ತೆ."

ಒಳಗೆ ಅವಳ ಎದೆಯ ಮೇಲೆ ನೇರಳೆ ಬಣ್ಣದಲ್ಲಿ ಅಡ್ಡಗೆರೆ, ಉದ್ದಗೆರೆ, ಮೂಲೆಗೊಂದು ಚುಕ್ಕೆ ಇಟ್ಟರು. ತೊಳೆಯಬಾರದು, ಉಜ್ಜಬಾರದು ಎಂದರು. ಹೊರಗೆ ಬೆಂಚಿನ ಮೇಲೆ ಕೂತಾಗ ಅವಳು ಆ ಕೋಣೆಯನ್ನು ಕಂಡಳು. ಯಾರೋ ಒಬ್ಬ ಹೆಂಗಸನ್ನು ಒಳಗೆ ಮಲಗಿಸಿದರು. ಮಲಗಿಸಿದವರೆಲ್ಲ ದಡದಡನೆ ಹೊರಗೆ ಬಂದರು. ಮಠದ ಉಗ್ರಾಣಕ್ಕೂ ಇರದಂಥ ದಪ್ಪ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಮೇಲೆ ಕೆಂಪು ದೀಪ ಹತ್ತಿತು. ಅಷ್ಟು ಒಳ್ಳೆಯದೇ ಆಗಿದ್ದರೆ ಇವರೆಲ್ಲ ಯಾಕೆ ಹೀಗೆ ಓಡಿಬರುತ್ತಾರೆ?

ಅಷ್ಟರಲ್ಲಿ ಆಸ್ಪತ್ರೆಯ ಹಿತ್ತಲೆಲ್ಲ ಸುತ್ತಿ ಬಂದ ಚನ್ನವೀರಯ್ಯ ಪಕ್ಕದಲ್ಲಿ ಕೂತು ಸಮಾಧಾನ ಹೇಳಿದರು. "ಯೋಚ್ನೆ ಮಾಡ್ಬೇಡ ಕಣೇ. ಟ್ರಾನ್ಸ್‌ಫಾರ್ಮರ್ ನೋಡ್ಕಂಡ್ ಬಂದೆ. ಐನೂರು ಕೆವಿಎ! ಅರ್ಥಿಂಗೂ ಬೊಂಬಾಟಾಗಿ ಮಾಡವ್ರೆ."

"ನಮ್ಮ ಬೀದಿಗೆಲ್ಲ ಎಷ್ಟು?"

"ಬೀದಿಗೇನು, ಶೆಟ್ಟಿಹಳ್ಳಿ ಆ ಮೂಲೆ ಪೂರ್ತಿಗೆ ನೂರು."

ರೇವಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದು ಬಡಾವಣೆಗೆ ನೂರು. ಎದೆಯೇ ಇಲ್ಲದ ಜಾಗಕ್ಕೆ ಐನೂರು.

ಶುಕ್ರವಾರವೆಲ್ಲ ಅವಳು ಒಂದೇ ಕುಕ್ಕರನ್ನು ಮೂರು ಸಲ ತೊಳೆದಳು. ಬಾಯಿಗಿಟ್ಟ ತುತ್ತು ಗಂಟಲ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ಕೇಳುತ್ತಿತ್ತು. ದೇವರ ಮುಂದೆ ಕೂತರೆ ಅಲ್ಲೂ ಪೇಚು. ಗುಬ್ಬಿಯಪ್ಪನಿಗೆ ಹರಕೆ ಹೊತ್ತಿದ್ದಳು, ಎಡೆಯೂರಿಗೆ ಹೊತ್ತಿದ್ದಳು, ದಾರಿಯಲ್ಲಿ ಬಸ್ಸಿನಿಂದ ಕಂಡ ಹೆಸರು ಗೊತ್ತಿಲ್ಲದ ಗುಡಿಗಳಿಗೂ ಕೈಮುಗಿದು ಹೊತ್ತಿದ್ದಳು. ಯಾರಿಗೆ ಉರುಳುಸೇವೆ, ಯಾರಿಗೆ ಬರಿಯ ಹಣ್ಣುಕಾಯಿ ಎಂಬುದು ಈಗ ಕಲಸಿಹೋಗಿತ್ತು. ತಪ್ಪಿ ಒಬ್ಬರದನ್ನು ಇನ್ನೊಬ್ಬರಿಗೆ ಸಲ್ಲಿಸಿದರೆ ಅದೊಂದು ಹೊಸ ತಂಟೆ.

ಶನಿವಾರ ಬೆಳಿಗ್ಗೆ ಚನ್ನವೀರಯ್ಯ ರೈಲಿನ ತಿಂಗಳ ಪಾಸು ಮಾಡಿಸಲು ಸ್ಟೇಷನ್ನಿಗೆ ಹೋದರು. ಇಪ್ಪತ್ತೈದು ದಿನವೂ ತುಮಕೂರಿನಿಂದ ಹೋಗಿಬರುವುದೆಂದು ಅವರೇ ಲೆಕ್ಕ ಹಾಕಿದ್ದರು. ಅವರು ತಿರುವು ದಾಟಿದ್ದೇ ರೇವಮ್ಮ ಎರಡು ಸೀರೆ ಚೀಲಕ್ಕೆ ತುರುಕಿದಳು. ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಕಿತ್ತು ಅದರ ಹಿಂದೆ ಬರೆದಿಟ್ಟಳು: "ಕುಣಿಗಲ್ಲಿಗೆ ಪುಟ್ಟಿ ಮನೆಗೆ ಹೋಗುತ್ತಿದ್ದೇನೆ. ಸಾರು ಒಲೆಯ ಮೇಲಿದೆ. ಸೋಮವಾರ ನೀವೇ ಹೋಗಿ ಕರೆಂಟು ಕೊಡಿಸಿಕೊಂಡು ಬನ್ನಿ. ನಿಮಗೆ ಹೇಗೂ ಭಯ ಇಲ್ಲವಲ್ಲ."

ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಅವಳನ್ನು ಹನ್ನೊಂದರ ಹೊತ್ತಿಗೆ ಕುಣಿಗಲ್ಲಿನಲ್ಲಿ ಇಳಿಸಿತು. ತಂಗಿ ಪುಟ್ಟಗಂಗಮ್ಮ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಂಡ ಹೋದ ಮೇಲೆ ಹದಿನಾಲ್ಕು ವರ್ಷದಿಂದ ಅವಳೇ ಬೆಲ್ಟು ಹಾಕಿ, ಅವಳೇ ಕಲ್ಲು ಕುಟ್ಟಿಸಿ, ಅವಳೇ ಗಿರಾಕಿಗಳ ಜೊತೆ ಜಗಳ ಆಡುತ್ತಿದ್ದಳು. ಹುಬ್ಬಿನಿಂದ ಕಾಲಿನ ಕಿರುಬೆರಳಿನ ತನಕ ರಾಗಿಹಿಟ್ಟು. ಬಾಗಿಲಲ್ಲಿ ಅಕ್ಕನನ್ನು ಕಂಡವಳೇ ಗಿರಣಿಯ ಸದ್ದಿನ ಮೇಲೆ ಕೂಗಿದಳು.

"ಏನಕ್ಕಾ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ? ಯಾರ್ ಹೋದ್ರು?"

"ಯಾರೂ ಹೋಗಿಲ್ಲ."

"ಮತ್ತೆ ಆ ಮುಖ ಯಾಕೆ ಹನ್ನೊಂದನೇ ದಿನದ ಥರ ಐತೆ? ಬಾ ಒಳಕ್ಕೆ."

ಹಿಂದಿನ ಕೋಣೆಯಲ್ಲಿ ಚೀಲಗಳ ಮೇಲೆ ಕೂರಿಸಿ ಕಾಫಿ ಕೊಟ್ಟಳು. ರೇವಮ್ಮ ಎಲ್ಲ ಹೇಳಿದಳು: ಸೋಮವಾರ, ಐನೂರು ಕೆವಿಎ, ಓಡಿಬಂದವರು, ದಪ್ಪ ಬಾಗಿಲು. ಹೇಳಿ, ಸೆರಗು ಸರಿಸಿ ನೇರಳೆ ಗೆರೆಗಳನ್ನು ತೋರಿಸಿದಳು.

ಪುಟ್ಟಗಂಗಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಆ ಜಾಗವನ್ನು ಅವಳು ನೋಡಿದ್ದು ಅದೇ ಮೊದಲು. ಹಿಟ್ಟು ಮೆತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡಳು. ಆಮೇಲೆ, "ಏನಕ್ಕ ಇದು," ಎಂದಳು, "ಸರ್ವೇರು ಬಂದು ಹದ್ದುಬಸ್ತು ಮಾಡ್ಕಂಡ್ ಹೋದಂಗೈತೆ. ನಾಕು ಮೂಲೆಗೂ ಕಲ್ಲು ಬೇರೆ ನೆಟ್ಟವ್ರಲ್ಲ! ಪಕ್ಕದ ಜಮೀನಿನೋರು ತಕರಾರು ತೆಗೀಲಿಲ್ವಾ?"

"ನಿಂಗೆ ಎಲ್ಲಾ ತಮಾಷೆ. ನಾನು ಹೋಗಲ್ಲ ಪುಟ್ಟಿ. ದೇವ್ರು ಇಟ್ಟಂಗಾಗ್ಲಿ."

"ಯಾವ್ ದೇವ್ರು? ಎಷ್ಟು ಜನಕ್ಕೆ ಹರಕೆ ಹೊತ್ತಿದೀಯ?"

"ಒಂದು... ಹನ್ನೊಂದು ಇರ್ಬೋದು."

"ಥೂ, ಇನ್ನೇನು ಆದಂಗೇ ಬುಡು. ತಾಲೂಕಾಫೀಸಲ್ಲಿ ಒಂದು ಅರ್ಜಿನ ಹನ್ನೊಂದು ಟೇಬಲ್ಲಿಗೆ ಕೊಟ್ರೆ ಏನಾಯ್ತದೆ? 'ಅವ್ರು ನೋಡ್ತಾರೆ' ಅಂತ ಇವ್ರು, 'ಇವ್ರು ನೋಡ್ತಾರೆ' ಅಂತ ಅವ್ರು, ಎಲ್ಲಾರೂ ಕಾಫಿ ಕುಡ್ಯಕ್ ಹೋಯ್ತಾರೆ. ಒಬ್ಬನ್ನ ಇಡ್ಕಬೇಕು, ಗಟ್ಟಿಯಾಗಿ ಇಡ್ಕಬೇಕು."

"ಬಾಯಿ ಮುಚ್ಚೇ, ಪಾಪ ಬರ್ತದೆ."

"ಬರ್ಲಿ. ಹಿಟ್ಟು ಬೀಸ್ಕೊಟ್ಟು ಕಳಿಸ್ತೀನಿ."

ಮಧ್ಯಾಹ್ನ ಎರಡರ ಹೊತ್ತಿಗೆ ಮುಂದುಗಡೆ ಟಿವಿಎಸ್ ಗಾಡಿಯೊಂದು ಕೆಮ್ಮಿ ನಿಂತಿತು. ತುಮಕೂರಿನಿಂದ ಅಷ್ಟು ದೂರ ಆ ಗಾಡಿಯಲ್ಲಿ ಬಂದ ಚನ್ನವೀರಯ್ಯನವರ ಮೀಸೆಯೆಲ್ಲ ಕೆಂಧೂಳು. ಅಂಗಿಯ ಜೇಬಿನಿಂದ ಕ್ಯಾಲೆಂಡರಿನ ಹಾಳೆ ಇಣುಕುತ್ತಿತ್ತು. ಅವರು ಒಳಗೆ ಕಾಲಿಡುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಗಿರಣಿಯ ಬೆಲ್ಟು ಪಟಪಟ ಎಂದು ನಿಧಾನಿಸಿ ಸುಮ್ಮನಾಯಿತು. ಹೊರಗೆ ಡಬ್ಬ ಹಿಡಿದು ಸಾಲಾಗಿ ಕೂತಿದ್ದ ಐದಾರು ಹೆಂಗಸರಿಗೆ ಇನ್ನು ಕಾಯುವುದನ್ನು ಬಿಟ್ಟರೆ ಕೇಳಿಸಿಕೊಳ್ಳುವುದೊಂದೇ ಕೆಲಸ.

"ಏನೇ ಇದು?" ಎಂದು ಚನ್ನವೀರಯ್ಯ ಹಾಳೆ ಆಡಿಸಿದರು. "ಕಾಗ್ದ ಬರೆದಿಟ್ಟು ಓಡೋಗಕ್ಕೆ ನಿಂಗೇನು ಹದಿನೆಂಟು ವರ್ಷವಾ?"

"ನಾನು ಬರಲ್ಲ ಕಣ್ರೀ."

"ಯಾಕ್ ಬರಲ್ಲ? ಅಲ್ಲ, ನೀನು ಯಾರ ಹೆಂಡ್ತಿ? ಹನ್ನೊಂದು ಕೆವಿ ಲೈನ್ ಮೇಲೆ ಕೂತ್ಕಂಡು ಬೀಡಿ ಸೇದಿರೋನ ಹೆಂಡ್ತಿ! ಮೂವತ್ತೊಂದು ವರ್ಷ ನಾನು ಹತ್ತಿಲ್ವಾ? ಒಂದಿನಾನಾದ್ರೂ ನಂಗೆ ಭಯ..."

"ಭಾವ," ಎಂದಳು ಪುಟ್ಟಗಂಗಮ್ಮ. ಮೆಲ್ಲಗೇ ಎಂದಳು. "ನೀವು ಕುಣಿಗಲ್ ಸೆಕ್ಷನ್ನಲ್ಲಿ ಇದ್ದಾಗ ನಮ್ಮ ಹಿತ್ಲ ಕಂಬ ಹತ್ತಕ್ಕೆ ಬರ್ತಿದ್ರಲ್ಲ."

"ಬರ್ತಿದ್ದೆ. ಅದ್ಕೇನೀಗ?"

"ಹತ್ತಕ್ ಮುಂಚೆ ಆ ಹೊಂಗೆ ಮರದ ಹಿಂದಕ್ಕೆ ಹೋಗ್ತಿದ್ರಿ."

ಚನ್ನವೀರಯ್ಯನವರ ಕೈಯಲ್ಲಿ ಹಾಳೆ ಆಡುವುದು ನಿಂತಿತು.

"ಹೋಗ್ಬಂದು ಬೆಲ್ಟ್ ಕಟ್ಕಳೋದು. ಒಂಚೂರು ಮೇಲಕ್ಕ್ ನೋಡದು. ತಿರ್ಗಾ ಬೆಲ್ಟ್ ಬಿಚ್ಚೋದು, ತಿರ್ಗಾ ಹೊಂಗೆ ಮರ. ನಾನು ಕಿಟಕೀಲಿ ನೋಡ್ತಿದ್ದೆ. ನೋಡ್ಬಾರ್ದು, ಏನ್ಮಾಡದು, ಕಿಟಕಿ ಅಲ್ಲೇ ಐತೆ. ಆ ಮರ ಒಣಗೋಯ್ತು ಭಾವ."

ಹೊರಗೆ ಒಂದು ಡಬ್ಬದ ಮುಚ್ಚಳ ಕೆಳಗೆ ಬಿತ್ತು. ಯಾರೋ ಸೆರಗಿನೊಳಗೆ ನಕ್ಕರು.

ರೇವಮ್ಮ ಗಂಡನನ್ನೇ ನೋಡಿದಳು. "ನಿಜವೇನ್ರೀ?"

ಚನ್ನವೀರಯ್ಯ ರಾಗಿ ಮೂಟೆಯ ಮೇಲೆ ಕುಸಿದು ಕೂತರು. "ಪ್ರತಿ ಕಂಬಕ್ಕೂ" ಎಂದರು.

"ಪ್ರತಿ...?"

"ಗುಬ್ಬಿ ತಾಲೂಕು, ಕುಣಿಗಲ್ ತಾಲೂಕು, ಬೆಳ್ಳಾವಿ ಹೋಬಳಿ. ಒಂದೂ ಬಿಟ್ಟಿಲ್ಲ. ಸಬ್‌ಸ್ಟೇಷನ್ನಲ್ಲಿ ನಮ್ಮ ಆಪರೇಟರ್ ಶಿವರಾಮಯ್ಯ ಲೈನ್ ಆಫ್ ಮಾಡಿ ಕೂತವ್ನೆ, ನಾನೇ ಬಾಯ್ಬಿಟ್ಟು ಹೇಳೋಗಂಟ ಅವನು ಸ್ವಿಚ್ ಮುಟ್ಟಲ್ಲ ಅಂತ ಗೊತ್ತು. ಆದ್ರೂ ಕಂಬ ನೋಡಿದ್ ತಕ್ಷಣ ಬರೋದು. ಕೆಳಗೆ ಎಲ್ಲಾರೂ ದೂರಕ್ಕೆ ಹೋಗಿ ನಿಂತ್ಕಳೋರು ನೋಡು, ಅದನ್ ಕಂಡ್ರೆ ಇನ್ನೂ ಜಾಸ್ತಿ ಬರೋದು."

"ಮತ್ತೆ ಬೀಡಿ ಸೇದಿದ್ದು?"

"ಕೆಳಕ್ಕೆ ಇಳಿದ್ಮೇಲೆ."

ರೇವಮ್ಮನಿಗೆ ಥಟ್ಟನೆ ಏನೋ ಹೊಳೆಯಿತು. "ರೀ, ಈಗ ಆರೇಳು ತಿಂಗಳಿಂದ ದಿನಾ ಹತ್ತು ಸಲ ಬಚ್ಚಲಿಗೆ ಹೋಗ್ತಿದ್ರಿ. ಶುಗರ್ ಇರ್ಬೋದು ಅಂತ ನಾನು ನಿಮ್ಮನ್ನ ಟೆಸ್ಟಿಗೆ ಕಳಿಸ್ದೆ. ಸಕ್ಕರೆ ಇಲ್ದಿರೋ ಕಾಫಿ ಕೊಟ್ಟೆ!"

"ಕುಡಿದ್ನಲ್ಲ" ಎಂದರು ಚನ್ನವೀರಯ್ಯ ನೆಲ ನೋಡುತ್ತ. "ನಿನ್ನ ಎದೇಲಿ ಗಡ್ಡೆ ಅಂತ ಹೇಳಿದ ದಿನದಿಂದ ಶುರುವಾಗೈತೆ. ಶುಗರ್ ನಾರ್ಮಲ್ ಬಂತು. ಹೇಳಕ್ಕೆ ಆಯ್ತದಾ?"

ಮೊದಲು ರೇವಮ್ಮನ ಭುಜ ಅಲುಗಿತು. ಅಳುತ್ತಿದ್ದಾಳೆಂದು ಚನ್ನವೀರಯ್ಯ ಎದ್ದು ನಿಂತರು. ಅಳುವಲ್ಲ. ಎಡಪಕ್ಕೆಯನ್ನು ಅಂಗೈಯಲ್ಲಿ ಒತ್ತಿಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ಸದ್ದೇ ಬರದಂತೆ ಅವಳು ನಗುತ್ತಿದ್ದಳು. ಆಮೇಲೆ ಸದ್ದೂ ಬಂತು. ಮೂವತ್ತು ವರ್ಷ ಕೇಳಿದ ಸುಟ್ಟ ಕೋತಿಗಳೆಲ್ಲ ಆ ನಗೆಯೊಳಗೆ ಒಂದೊಂದಾಗಿ ಬಂದು ಹೊಂಗೆ ಮರದ ಹಿಂದೆ ಸಾಲು ನಿಂತಂತಾಯಿತು.

"ಎರಡು ತಾಲೂಕಿನ ನಾಯಿಗಳಿಗೂ ಇವ್ರೇ ಕಣೇ ಗುರುಗಳು" ಎಂದಳು ತಂಗಿಗೆ, ಉಸಿರು ಸಿಕ್ಕಾಗ.

ನಗು ಇಳಿದ ಮೇಲೆ ಕೇಳಿದಳು. "ಈಗ ನಿಜ ಹೇಳಿ. ಆ ಐನೂರು ಕೆವಿಎ ನನ್ನ ಮೈಯೊಳಗೆ ಬಿಡ್ತಾರಾ?"

ಚನ್ನವೀರಯ್ಯ ಬಹಳ ಹೊತ್ತು ಮೀಸೆಯ ಧೂಳು ಒರೆಸಿಕೊಂಡರು. "ಇಲ್ಲ ಕಣೇ. ಕರೆಂಟೇ ಅಲ್ವಂತೆ ಅದು. ಕರೆಂಟು ಮಿಷನ್ನಿಗೆ ಮಾತ್ರ. ನಿಂಗೆ ಬೀಳೋದು ಎಕ್ಸ್‌ರೇ ಥರದ ಬೆಳಕು, ಮುಟ್ಟಿದ್ದೂ ಗೊತ್ತಾಗಲ್ಲ ಅಂದ್ರು. ಜನಕ್ಕೆ ತಿಳೀಲಿ ಅಂತ ಕರೆಂಟ್ ಅಂತಾರಂತೆ. ನಾನು ಅವತ್ತೇ ಆ ಮಿಷನ್ ಹುಡುಗೀನ ಕೇಳಿದ್ದೆ."

"ಅವತ್ತೇ ಕೇಳಿದ್ರಾ? ಮೂರು ದಿನದಿಂದ ನಾನು ಸಾಯ್ತಿದೀನಿ, ಯಾಕ್ರೀ ಹೇಳ್ಲಿಲ್ಲ?"

"ಕರೆಂಟ್ ಅಂದ್ರೆ ನಂಗೆ ಗೊತ್ತಿರೋ ಬಾಬ್ತು. ಟ್ರಾನ್ಸ್‌ಫಾರ್ಮರ್ ನೋಡ್ಬೋದು, ಅರ್ಥಿಂಗ್ ನೋಡ್ಬೋದು, ನಾನಿದೀನಿ ಅನ್ಬೋದು." ಅವರ ದನಿ ಒಡೆಯಿತು. "ಅದಲ್ಲ ಅಂದ್ಮೇಲೆ ನಂಗೇನ್ ಗೊತ್ತೇ? ಏನೂ ಗೊತ್ತಿಲ್ಲ."

ಹೊರಗಿನ ಹೆಂಗಸರು ಈಗ ನಗಲಿಲ್ಲ. ಪುಟ್ಟಗಂಗಮ್ಮ ಜರಡಿ ಹುಡುಕುವವಳಂತೆ ಎದ್ದು ಆ ಕಡೆ ಹೋದಳು. ರೇವಮ್ಮ ಗಂಡನ ಮೀಸೆಗೆ ಉಳಿದಿದ್ದ ಧೂಳನ್ನು ಸೆರಗಿನ ಚುಂಗಿನಿಂದ ತೆಗೆದು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕರೆಂಟು ಬಂತು. ಅರ್ಧ ಬೀಸಿದ್ದ ರಾಗಿಯ ಸಮೇತ ಗಿರಣಿ ಭೋರೆಂದಿತು.

"ಏನಂದೆ?" ಎಂದು ಕೂಗಿದರು ಚನ್ನವೀರಯ್ಯ.

"ಬರ್ತೀನಿ ಅಂದೆ!"

"ಆಂ?"

"ಸೋಮವಾರ ಬರ್ತೀನಿ ಅಂದೆ ಕಣ್ರೀ! ಭಯಾನೂ ಕರ್ಕಂಡೇ ಬರ್ತೀನಿ, ಅದನ್ನ ಯಾರ ಮನೇಲಿ ಬಿಡಾನ!"

ಸೋಮವಾರ ಬಂತು, ಭಯವೂ ಹೇಳಿದಂತೆ ಜೊತೆಗೇ ಬಂತು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತಿತು. ಆಸ್ಪತ್ರೆಯಲ್ಲಿ ಅವಳ ಹೆಸರು ಕೂಗಿದಾಗ ಅವಳಿಗಿಂತ ಮೊದಲೇ ಎದ್ದು ನಿಂತಿತು. ಮಿಷನ್ ನೋಡಿಕೊಳ್ಳುವ ಹುಡುಗಿಯ ಹೆಸರು ತನುಶ್ರೀ. ಕೊರಳಲ್ಲಿ ಸಣ್ಣ ಸರ, ಕಿವಿಯಲ್ಲಿ ಚಿಕ್ಕ ಓಲೆ. ಸಪೂರ ಹಲಗೆಯ ಮೇಲೆ ಮಲಗಿಸಿ, ರೇವಮ್ಮನ ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿಸಿ, ಅಲ್ಲಿದ್ದ ಹಿಡಿಯೊಂದನ್ನು ಹಿಡಿದುಕೊಳ್ಳಲು ಹೇಳಿದಳು. ಆಪರೇಷನ್ ಆದ ಕಡೆಯ ಭುಜ ಚುರುಕ್ಕೆಂದಿತು.

"ಒಂದು ಕೇಳ್ಲಾ ಮಗಾ?" ಎಂದಳು ರೇವಮ್ಮ. "ನೀವೆಲ್ಲ ಯಾಕೆ ಹಂಗೆ ಓಡ್ತೀರಿ?"

ತನುಶ್ರೀ ಗೆರೆಗಳ ಮೇಲೆ ಬೆಳಕು ಸರಿಹೊಂದಿಸುತ್ತಿದ್ದಳು. "ನಿಮಗೆ ದಿನಕ್ಕೊಂದು ಸಲ, ಇಪ್ಪತ್ತೈದು ದಿನ. ಅದು ನಿಮಗೆ ಬೇಕಾಗಿರೋದು. ನಂಗೆ ಬೇಕಾಗಿಲ್ವಲ್ಲ ಅಮ್ಮ. ದಿನಕ್ಕೆ ನಲವತ್ತು ಜನ ಬರ್ತಾರೆ, ನಾನು ಒಳಗೇ ನಿಂತ್ರೆ ನಲವತ್ತು ಸಲ ನನ್ನ ಮೇಲೂ ಬೀಳತ್ತೆ. ಹೊರಗಡೆ ಟಿವೀಲಿ ನಿಮ್ಮನ್ನೇ ನೋಡ್ತಿರ್ತೀನಿ. ಮಾತಾಡಿದ್ರೆ ಕೇಳ್ಸತ್ತೆ."

ಇಷ್ಟು ಸರಳವಾದ ಮಾತನ್ನು ಕೇಳಲು ತಾನು ಕುಣಿಗಲ್ಲಿಗೆ ಹೋಗಿಬಂದೆನಲ್ಲ ಎನಿಸಿತು ರೇವಮ್ಮನಿಗೆ. "ಹಂಗಾದ್ರೆ ಓಡವ್ವ, ಓಡು" ಎಂದಳು. "ಮದುವೆಯಾಗೋ ಹುಡುಗಿ, ಇಲ್ಲೇನ್ ನಿಂತಿದೀಯ."

ಬಾಗಿಲು ಮುಚ್ಚಿತು. ಗುಂಯ್ ಎಂಬ ಸದ್ದು ಶುರುವಾಯಿತು. ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಗೆರೆಗಳೆಲ್ಲ ಜಾಗ ಬಿಟ್ಟು ಹೋದವೇನೋ ಎನ್ನಿಸಿತು. ದೇವರ ಹೆಸರು ಹೇಳಲು ಹೊರಟರೆ ಹನ್ನೊಂದು ಹೆಸರೂ ಬಾಗಿಲಲ್ಲಿ ನೂಕಾಡಿ ಒಂದೂ ಒಳಗೆ ಬರಲಿಲ್ಲ. ಆಗ ತಾನಾಗಿ ಬಂದದ್ದು ಅವಳ ಅಪ್ಪನ ದನಿ. ಗುಬ್ಬಿಯ ಮನೆಯ ಜಗುಲಿಯಲ್ಲಿ ಶ್ರಾವಣದ ಸಂಜೆ ಅಪ್ಪ ಷಟ್ಪದಿ ಓದುತ್ತಿದ್ದರು. ಬೀದಿಯವರು ಅರ್ಥ ಕೇಳುತ್ತಿದ್ದರು. ರೇವಮ್ಮ ಕಂಬಕ್ಕೆ ಒರಗಿ ಬರಿದೇ ಕೇಳುತ್ತಿದ್ದಳು. ಕೇಳಿ ಕೇಳಿಯೇ ಬಾಯಿಗೆ ಬಂದದ್ದು, ಅಕ್ಷರ ನೋಡಿ ಕಲಿತದ್ದಲ್ಲ. ಅಪ್ಪನದು ಒಂದು ಹಟ: ಪದ್ಯವನ್ನು ನಡುವೆ ಬಿಡಬಾರದು. ಪಕ್ಕದ ಮನೆಯ ಹುಲ್ಲಿನ ಬಣವೆಗೆ ಬೆಂಕಿ ಬಿದ್ದ ದಿನ ಕೂಡ ಆರನೇ ಸಾಲು ಮುಗಿಸಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಕೊಡ ಹಿಡಿದು ಓಡಿದ್ದರು. ಬಣವೆ ಹೋಯಿತು. ಪಕ್ಕದ ಮನೆಯವರು ಅಪ್ಪನಿಗೆ ಬೈದ ಬೈಗುಳಕ್ಕೆ ಮಾತ್ರ ಛಂದಸ್ಸಿರಲಿಲ್ಲ.

ರೇವಮ್ಮ ರಾಗ ಎಳೆಯಲು ಉಸಿರು ತುಂಬಿಕೊಂಡಳು.

"ಅಮ್ಮ," ಎಂದು ಗೋಡೆಯೊಳಗಿಂದ ತನುಶ್ರೀಯ ದನಿ ಬಂತು, "ಜೋರಾಗಿ ಉಸಿರು ತಗೋಬೇಡಿ, ಎದೆ ಅಲ್ಲಾಡತ್ತೆ."

ಸರಿ, ಮನಸ್ಸಿನಲ್ಲೇ. ಮೊದಲನೇ ಪದ್ಯದ ಎರಡನೇ ಸಾಲಿನಲ್ಲಿ ಭಯ ಕಾಲು ಅಡ್ಡ ಕೊಟ್ಟಿತು. ಮುಗ್ಗರಿಸಿ ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಈ ಸಲ ದಾಟಿತು. ಸದ್ದು ನಿಂತು, ಮಿಷನ್ನಿನ ದೊಡ್ಡ ತಲೆ ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ತಿರುಗಿತು. ಎರಡನೇ ಪದ್ಯ. ಸುಡಲಿಲ್ಲ, ಚುಚ್ಚಲಿಲ್ಲ, ಎಲ್ಲೂ ಹೊಗೆ ಏಳಲಿಲ್ಲ. ಭುಜ ಮಾತ್ರ ನೋಯುತ್ತಿತ್ತು. ಮೂರನೇ ಪದ್ಯ ಹಿಡಿದಳು. ಮೂರನೇ ಸಾಲಿನ ಕೊನೆಯ ಎಳೆತ, ನಾಲ್ಕನೆಯದು... ಸದ್ದು ಮತ್ತೆ ನಿಂತಿತು.

ಬಾಗಿಲು ತೆರೆಯಿತು. "ಆಯ್ತು ಅಮ್ಮ," ಎನ್ನುತ್ತ ತನುಶ್ರೀ ಒಳಗೆ ಬಂದಳು. "ಮುಗೀತು. ಕೈ ಇಳ್ಸಿ, ನಿಧಾನಕ್ಕೆ ಏಳಿ."

ರೇವಮ್ಮ ಏಳಲಿಲ್ಲ. ಕಣ್ಣು ಮುಚ್ಚಿಯೇ ಇತ್ತು.

"ಅಮ್ಮ? ತಲೆ ಸುತ್ತುತ್ತಾ? ಹೊರಗೆ ಇನ್ನೊಬ್ರು ಕಾಯ್ತಿದಾರೆ."

"ಇರವ್ವ," ಎಂದಳು ರೇವಮ್ಮ, "ಇನ್ನೆರಡು ಸಾಲೈತೆ."

ಈಗ ಅಲ್ಲಾಡಬಾರದೆಂಬ ಕಟ್ಟಳೆ ಇರಲಿಲ್ಲ. ಎಡಗೈಯನ್ನು ತಲೆಯ ಮೇಲೆ ಹಾಗೇ ಬಿಟ್ಟುಕೊಂಡು, ಎದೆ ತುಂಬ ಉಸಿರೆಳೆದು, ಐದನೇ ಸಾಲನ್ನು ಗಟ್ಟಿಯಾಗಿ ಎತ್ತಿಕೊಂಡಳು.